ಹಾರಂಗಿ ಹಿನ್ನೀರಿನಲ್ಲಿ ಆರು ಗಂಟೆ

ಗುರುವಾರ, ಕುಶಾಲನಗರ

ಜನವರಿಯಲ್ಲಿ ಕೊಡಗಿಗೆ ಬರುವವರೆಲ್ಲ ಮಂಜು ನೋಡಲು ಬರುತ್ತಾರೆ. ದೂರದ ಈಜಿನವರಿಗೆ ಆ ಮಂಜೇ ಮೊದಲ ತಲೆನೋವು. ಬೆಳಿಗ್ಗೆ ಎಂಟರವರೆಗೆ ಹಾರಂಗಿಯ ಹಿನ್ನೀರಿನ ಮೇಲೆ ಅದು ಕದಲುವುದಿಲ್ಲ. ದೋಣಿಯಲ್ಲಿ ಕೂತವನಿಗೆ ಮೂವತ್ತು ಮೀಟರ್ ಆಚೆಯ ತಲೆ ಕಾಣದಿದ್ದರೆ ಯಾರನ್ನೂ ನೀರಿಗೆ ಬಿಡುವಂತಿಲ್ಲ.

ಆದರೂ ಆರು ಗಂಟೆಯ ಈಜಿನ ಅಭ್ಯಾಸಕ್ಕೆ ನಮ್ಮ ತಂಡ ಈ ತಿಂಗಳನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಂಗಿ ಕೆಂಪು ನೀರು, ತೇಲಿ ಬರುವ ಮರದ ದಿಮ್ಮಿ, ಯಾವಾಗ ತೆರೆಯುತ್ತದೋ ಎಂಬ ಗೇಟು. ಏಪ್ರಿಲ್-ಮೇ ತಿಂಗಳಲ್ಲಿ ನೀರು ತಳ ಕಾಣುತ್ತದೆ, ಮಧ್ಯಾಹ್ನವಾದರೆ ಗುಡುಗು ಮಿಂಚು. ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ, ಇನ್ನೂ ಸಾಕಷ್ಟು ಇರುತ್ತದೆ, 22-23 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಳಗಿನ ಗಾಳಿ ಅದಕ್ಕಿಂತ ಏಳೆಂಟು ಡಿಗ್ರಿ ತಣ್ಣಗೆ. ಹಾಗಾಗಿ ಈಜುವಾಗಿನ ಚಳಿಗಿಂತ ನೀರಿನಿಂದ ಎದ್ದ ಮೇಲಿನ ಚಳಿಯೇ ಜಾಸ್ತಿ, ಅಭ್ಯಾಸಕ್ಕೆ ಬೇಕಾದದ್ದೂ ಅದೇ.

ಇಲ್ಲಿ ಏನು ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಇಂಗ್ಲಿಷ್ ಕಾಲುವೆ ದಾಟಲು ಹೊರಟವರು ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಆರು ಗಂಟೆ ಈಜಿ ತೋರಿಸಬೇಕು. ಅಂಥ ತಣ್ಣೀರು ಕೊಡಗಿನಲ್ಲಿ ಸಿಗುವುದಿಲ್ಲ, ಆದ್ದರಿಂದ ಇಲ್ಲಿನ ಆರು ಗಂಟೆ ಆ ಲೆಕ್ಕಕ್ಕೆ ಬರುವುದಿಲ್ಲ. ಪಾಕ್ ಜಲಸಂಧಿಗೋ, ಮುಂಬೈಯ ಧರಮ್‌ತರ್‌ನಿಂದ ಗೇಟ್‌ವೇ ಆಫ್ ಇಂಡಿಯಾದವರೆಗಿನ ಈಜಿಗೋ, ಮುರ್ಷಿದಾಬಾದಿನ 81 ಕಿಲೋಮೀಟರ್ ಭಾಗೀರಥಿ ಸ್ಪರ್ಧೆಗೋ ತಯಾರಾಗುವವರಿಗೆ ಇದು ಒಳ್ಳೆಯ ಜಾಗ. ಹೊಟ್ಟೆ ಆರು ಗಂಟೆ ಏನು ತಡೆದುಕೊಳ್ಳುತ್ತದೆ, ದೋಣಿಯವರು ಆರು ಗಂಟೆ ಎಷ್ಟು ಎಚ್ಚರವಾಗಿರುತ್ತಾರೆ, ಎರಡೂ ಇಲ್ಲಿ ಗೊತ್ತಾಗುತ್ತದೆ.

ಅನುಮತಿಯ ಕೆಲಸ ಇಲ್ಲಿಗೆ ಬರುವ ಮೊದಲೇ ಮುಗಿದಿರಬೇಕು. ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ಸುಮ್ಮನೆ ಹೋಗಿ ಇಳಿಯುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಅರ್ಜಿಯಲ್ಲಿ ದಿನಾಂಕ, ಸಮಯ, ಈಜುವ ಜಾಗದ ನಕ್ಷೆ, ಈಜುಗಾರರ ಹೆಸರು ಮತ್ತು ವೈದ್ಯಕೀಯ ಪತ್ರ, ದೋಣಿಗಳ ಸಂಖ್ಯೆ, ಹೊಣೆ ಹೊತ್ತವರ ಫೋನ್ ನಂಬರ್ ಇರಲಿ. ಒಂದು ಪ್ರತಿ ಪೊಲೀಸ್ ಠಾಣೆಗೆ, ಇನ್ನೊಂದು ಅಗ್ನಿಶಾಮಕ ಠಾಣೆಗೆ. ಅಧಿಕಾರಿಗಳ ಬಾಯಲ್ಲಿ ಮೊದಲು ಬರುವುದು ಬೇಡ ಎಂಬ ಮಾತೇ. ಪ್ರವಾಸಕ್ಕೆ ಬಂದು ಹೊಳೆಗಿಳಿದು ಸತ್ತವರ ಸುದ್ದಿ ಈ ಜಿಲ್ಲೆಯಲ್ಲಿ ಹೊಸದಲ್ಲ, ಅಧಿಕಾರಿಗಳನ್ನು ದೂರುವಂತಿಲ್ಲ.

ಸಂಜೆಗೆ ಸಾಮಾನು ಬಿಚ್ಚಿ ಜೋಡಿಸಿದ್ದಾಯಿತು. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ಹಿನ್ನೀರಿನ ಕಡೆ ವಾಹನ ಹೊರಡಿಸಬಾರದು. ನೀರಿಗೆ ಬರುವ ಆನೆಗಳು ದಾರಿಯಲ್ಲೇ ಸಿಗುತ್ತವೆ.

ಶುಕ್ರವಾರ, ದಡ ಮತ್ತು ಬಲೆ

ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಜನವರಿಗೆ ನೀರು ಇಳಿದು ಸುತ್ತಲೂ ಕೆಂಪು ಮಣ್ಣಿನ ಪಟ್ಟಿ ಕಾಣಿಸಿಕೊಂಡಿರುತ್ತದೆ. ಅಪಾಯ ಇರುವುದು ಆ ಪಟ್ಟಿ ನೀರಿಗೆ ಸೇರುವ ಜಾಗದಲ್ಲಿ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಹಟ್ಟಿಹೊಳೆ, ಮಾದಾಪುರ ಕಡೆಯ ಗುಡ್ಡಗಳ ಮಣ್ಣು ಕೊಚ್ಚಿಕೊಂಡು ಬಂದು ಈ ಜಲಾಶಯ ಸೇರಿತು. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುವ ಹೂಳಿಗೆ ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಎಳೆದಷ್ಟೂ ಹೀರಿಕೊಳ್ಳುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಇಳಿಯಲು ಜಲ್ಲಿಕಲ್ಲು ಇರುವ ಇಳಿಜಾರು ಹುಡುಕಬೇಕು. ಆರಡಿ ಬಿದಿರು ಚುಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೆತ್ತಗಿನ ಜಾಗದಲ್ಲೇ ಇಳಿಯಬೇಕಾಗಿ ಬಂದರೆ ನಡೆಯಬೇಡಿ, ಮೊಣಕಾಲುದ್ದ ನೀರು ಸಿಕ್ಕ ಕೂಡಲೇ ಬೋರಲಾಗಿ ಮಲಗಿ ಕೈಯಿಂದ ಜಾರಿಕೊಂಡು ಹೋಗಿ. ಹೂಳಿನ ಕೆಳಗೆ ಮುಳುಗಡೆಯಾದ ಮರಗಳ ಬುಡಗಳೂ ಇರುತ್ತವೆ, ದಡದಿಂದ ಧುಮುಕುವ ಮಾತೇ ಇಲ್ಲ.

ಎರಡನೆಯ ಅಪಾಯ ಬಲೆ. ಮೀನುಗಾರರು ಸಂಜೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ನೈಲಾನ್ ದಾರ ನೀರಿನಲ್ಲಿ ಕಾಣುವುದಿಲ್ಲ, ತೇಲಲು ಕಟ್ಟಿದ ಖಾಲಿ ಬಾಟಲಿ ಮಾತ್ರ ಕಾಣುತ್ತದೆ. ತೆಪ್ಪದವರನ್ನು ಮೊದಲು ಮಾತಾಡಿಸಬೇಕು ಎನ್ನುವುದು ಇದಕ್ಕೇ.

“ಬೆಳಿಗ್ಗೆ ಎಷ್ಟೊತ್ತಿಗೆ ಎತ್ತುತ್ತೀರಿ ಅಣ್ಣಾ?”

“ಏಳೂವರೆಗೆಲ್ಲ ಎತ್ತಿ ಆಗ್ತದೆ ಸಾರ್. ಅಲ್ಲಿ ಹಸಿರು ಬಾಟ್ಲಿ ಕಾಣ್ತದಲ್ಲಾ, ಅದರಿಂದ ಆಚೆ ಇರೋದು ಎರಡು ದಿನ ಬಿಟ್ಟು ಎತ್ತೋದು. ಆ ಕಡೆ ಹೋಗ್ಬೇಡಿ.”

ಇಷ್ಟು ಮಾಹಿತಿ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಬಲೆಯ ಜಾಗ ಬಿಟ್ಟು, ಅಣೆಕಟ್ಟೆ ಮತ್ತು ನಾಲೆಯ ಬಾಯಿಂದ ದೂರದಲ್ಲಿ ತ್ರಿಕೋನ ಹಾಕಿದೆವು. ಒಂದೊಂದು ಬದಿ 500 ಮೀಟರ್, ಒಂದು ಸುತ್ತು ಒಂದೂವರೆ ಕಿಲೋಮೀಟರ್. ಮೂಲೆಗೊಂದು ಕಿತ್ತಳೆ ಬಣ್ಣದ ಬಾಯ್ (ನೀರಿನಲ್ಲಿ ತೇಲುವ ಗುರುತು), ಲಂಗರಿಗೆ 20 ಕೆಜಿ ಮರಳು ತುಂಬಿದ ಗೋಣಿಚೀಲ, ಹಗ್ಗ ಆಳದ ಒಂದೂವರೆ ಪಟ್ಟು. ಹಗ್ಗ ಗಿಡ್ಡವಾದರೆ ಗಾಳಿ ಎದ್ದಾಗ ಬಾಯ್ ಮೂಟೆಯನ್ನೇ ಎಳೆದುಕೊಂಡು ಜರುಗುತ್ತದೆ, ತೀರಾ ಉದ್ದವಾದರೆ ಅಲೆದಾಡಿ ಸುತ್ತಿನ ಅಳತೆ ಕೆಡುತ್ತದೆ.

ಬೆಂಗಾವಲಿಗೆ ಒಬ್ಬ ಈಜುಗಾರನಿಗೆ ಒಂದು ಕಯಾಕ್ (ಹುಟ್ಟು ಹಾಕುವ ಕಿರುದೋಣಿ), ಎಲ್ಲರಿಗೂ ಸೇರಿ ಒಂದು ಮೋಟಾರು ದೋಣಿ. ತೆಪ್ಪ ಸಾಲದೇ ಎಂದು ಕೇಳುವವರಿದ್ದಾರೆ. ಗಾಳಿ ಇಲ್ಲದಾಗ ತೆಪ್ಪದಷ್ಟು ಅಲುಗಾಡದ ಕಟ್ಟೆ ಬೇರೆ ಇಲ್ಲ, ಫ್ಲಾಸ್ಕು, ಬ್ಯಾಗು, ಇಬ್ಬರು ಜನ ಆರಾಮಾಗಿ ಹಿಡಿಯುತ್ತಾರೆ. ಆದರೆ ಅದರ ತಳ ಚಪ್ಪಟೆ. ಗಾಳಿ ಬಂದರೆ ನೀರನ್ನು ಕಚ್ಚಿಕೊಳ್ಳದೆ ತಿರುಗುತ್ತಾ ಜಾರುತ್ತದೆ. ಗಾಳಿ ಬರುವ ಬದಿಯಲ್ಲಿ ತೆಪ್ಪ ನಿಂತರೆ ಅದು ಈಜುಗಾರನ ಮೇಲೇ ಬಂದು ಬೀಳುತ್ತದೆ. ಹಾಗಾಗಿ ತೆಪ್ಪ ಯಾವಾಗಲೂ ಗಾಳಿ ಹೋಗುವ ಬದಿಯಲ್ಲಿರಬೇಕು. ಕಯಾಕ್ ಈಜುಗಾರ ಉಸಿರು ತೆಗೆದುಕೊಳ್ಳುವ ಬದಿಯಲ್ಲಿ, ಭುಜಕ್ಕೆ ನೇರವಾಗಿ, ಮೂರು ನಾಲ್ಕು ಮೀಟರ್ ದೂರದಲ್ಲಿ. ಮುಂದೆ ಹೋದರೆ ಅವನು ಕತ್ತೆತ್ತಿ ಹುಡುಕುತ್ತಾನೆ, ಕತ್ತೆತ್ತಿದಾಗೆಲ್ಲ ಕಾಲು ಮುಳುಗುತ್ತದೆ.

ಸಿಹಿನೀರಿನಲ್ಲಿ ಕಾಲು ಹೇಗೂ ಮುಳುಗುತ್ತದೆ. ಸಮುದ್ರದ ನೀರು ಒಂದು ಘನ ಮೀಟರಿಗೆ ಸುಮಾರು 1,025 ಕೆಜಿ, ಇಲ್ಲಿ 1,000. ಸಮುದ್ರದಲ್ಲಿ ಅಭ್ಯಾಸ ಮಾಡಿದವರು ಇಲ್ಲಿ ಮೊದಲ ಅರ್ಧ ಗಂಟೆ ಸೊಂಟ ಕೆಳಗಿಳಿಯಿತೆಂದು ಒದ್ದಾಡುತ್ತಾರೆ. ಪರಿಹಾರ ಕಾಲು ಜೋರಾಗಿ ಬಡಿಯುವುದಲ್ಲ, ಅದಕ್ಕೆ ಆರು ಗಂಟೆಯ ಇಂಧನ ಸಾಲದು. ಗಲ್ಲ ಒಳಗೆಳೆದು ಎದೆಯನ್ನು ಸ್ವಲ್ಪ ನೀರಿಗೆ ಒತ್ತಿದರೆ ಸೊಂಟ ತಾನಾಗಿ ಮೇಲೆ ಬರುತ್ತದೆ.

ಈಜು ಮೂರು ಕಿಲೋಮೀಟರಿಗೆ ಮುಗಿಯಿತು. ಉದ್ದೇಶ ಗುರುತು ಕಂಡುಕೊಳ್ಳುವುದು. ಬಾಯ್ ಚಿಕ್ಕದು, ಬಿಸಿಲು ಎದುರಾದರೆ ಕಾಣುವುದೇ ಇಲ್ಲ. ಅದರ ಹಿಂದೆ ಎತ್ತರದ ಗುರುತೊಂದು ಬೇಕು. ಮೊದಲ ಬದಿಗೆ ತೋಟದ ಸಿಲ್ವರ್ ಓಕ್ ಸಾಲಿನ ನಡುವಿನ ಸಂದು, ಎರಡನೆಯದಕ್ಕೆ ವಿದ್ಯುತ್ ಗೋಪುರ, ಮೂರನೆಯದಕ್ಕೆ ಗುಡ್ಡದ ತಗ್ಗು. ಹತ್ತು ಹನ್ನೆರಡು ಸ್ಟ್ರೋಕಿಗೊಮ್ಮೆ, ಅಂದರೆ ಕೈ ಬೀಸಿಗೊಮ್ಮೆ, ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ಎತ್ತಿ ನೋಡಿ, ಬಾಯಿ ಒಳಗೇ ಇರಲಿ, ಉಸಿರು ಪಕ್ಕಕ್ಕೆ ತಿರುಗಿದಾಗಲೇ ತೆಗೆದುಕೊಳ್ಳಿ.

ರಾತ್ರಿ ಊಟಕ್ಕೆ ಕಡಂಬುಟ್ಟು ಎಷ್ಟು ಬೇಕಾದರೂ ಆಗಬಹುದು, ಅಕ್ಕಿತರಿ ಒಳ್ಳೆಯ ಇಂಧನ. ಪಂದಿ ಕರಿಯನ್ನು ಮಾತ್ರ ಶನಿವಾರ ರಾತ್ರಿಗೆ ಎತ್ತಿಡಬೇಕು. ಆ ಕೊಬ್ಬು ಬೆಳಗಿನವರೆಗೆ ಹೊಟ್ಟೆಯಲ್ಲೇ ಕೂತಿರುತ್ತದೆ. ಬಡಿಸುವ ಆಂಟಿಗೆ ಇದನ್ನು ವಿವರಿಸುವುದು ಈಜಿಗಿಂತ ಕಷ್ಟ.

ಶನಿವಾರ, ಆರು ಗಂಟೆ

ಹಿಂದಿನ ರಾತ್ರಿಯೇ ಈಜುವಾಗ ಕಲಸಿ ಕುಡಿಸುವ ಪುಡಿ ತೂಗಿ ಇಟ್ಟಿದ್ದಾಗಿತ್ತು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬ ಲೆಕ್ಕ. ಅರ್ಧ ಗಂಟೆಗೊಮ್ಮೆ ಕೊಟ್ಟರೆ ಆರು ಗಂಟೆಗೆ ಹನ್ನೊಂದು ಬಾರಿ, ಒಂದೊಂದಕ್ಕೆ 30 ಗ್ರಾಂ, 300 ಮಿಲಿಲೀಟರ್ ನೀರಿನಲ್ಲಿ. ಒಬ್ಬರಿಗೆ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) 250 ಗ್ರಾಂ, ಜೇನು 100 ಗ್ರಾಂ, ಲೀಟರಿಗೆ ಕಾಲು ಚಮಚ ಉಪ್ಪು. ಕೊಡಗಿಗೆ ಬಂದವರು ಪುಡಿ ಬಿಟ್ಟು ಪೂರ್ತಿ ಜೇನಿನಲ್ಲೇ ನಡೆಸೋಣ ಎನ್ನುವುದುಂಟು. ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚು, ಕರುಳು ಅದನ್ನು ಒಂದು ಮಿತಿಯವರೆಗೆ ಮಾತ್ರ ಹೀರುತ್ತದೆ. ಮಿಕ್ಕಿದ್ದು ಹೊಟ್ಟೆ ಉಬ್ಬರ, ಮೂರನೆಯ ಗಂಟೆಗೆ ಭೇದಿ. ಮಾಲ್ಟೋಡೆಕ್ಸ್‌ಟ್ರಿನ್ ಗ್ಲೂಕೋಸಿನ ದಾರಿಯಲ್ಲಿ ಹೋಗುತ್ತದೆ, ಫ್ರಕ್ಟೋಸಿನ ದಾರಿ ಬೇರೆ. ಎರಡೂ ದಾರಿಯನ್ನು ಬಳಸಿಕೊಳ್ಳಬೇಕು, ಒಂದರಲ್ಲೇ ನೂಕುನುಗ್ಗಲು ಮಾಡಬಾರದು.

ಬರೀ ನೀರು ಕುಡಿಸುವುದು ಇನ್ನೊಂದು ತಪ್ಪು. ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗುತ್ತದೆ, ನೋಡುವವರಿಗೆ ಅದು ಸುಸ್ತಿನಂತೆಯೇ ಕಾಣುತ್ತದೆ.

ಎಂಟೂಕಾಲಿಗೆ ಮಂಜು ಹರಿದು ಎದುರು ದಡ ಕಾಣಿಸಿತು. ಅಲ್ಲಿಯವರೆಗೆ ಯಾರೂ ಬಟ್ಟೆ ಬಿಚ್ಚಿರಲಿಲ್ಲ, ನೀರಿಗಿಳಿಯುವ ಮುಂಚೆಯೇ ನಡುಗಿಬಿಟ್ಟರೆ ಆ ಶಾಖ ಮತ್ತೆ ಸಿಗುವುದಿಲ್ಲ. ಕಂಕುಳು, ಕತ್ತಿನ ಹಿಂಭಾಗ, ಉಡುಪಿನ ಅಂಚು, ಗಡ್ಡ ಬಿಟ್ಟವರಿಗೆ ಭುಜಕ್ಕೆ ಗಲ್ಲ ಉಜ್ಜುವ ಜಾಗ, ಇಷ್ಟಕ್ಕೆ ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಬೆರೆಸಿದ ವ್ಯಾಸಲಿನ್. ಹಚ್ಚುವ ಕೆಲಸ ಇನ್ನೊಬ್ಬರದ್ದು, ಅವರ ಕೈಗೆ ಗ್ಲೌಸ್ ಇರಬೇಕು. ಈಜುಗಾರನ ಬೆರಳಿಗೆ ಜಿಡ್ಡು ತಗುಲಿದರೆ ಅದು ಗಾಗಲ್ಸಿನ ಗಾಜಿಗೆ ಹೋಗುತ್ತದೆ, ಆಮೇಲೆ ಆರು ಗಂಟೆ ಮಬ್ಬು. ಶುರುವಿನಲ್ಲಿ ಬಿಳಿ ಗಾಜು, ಹತ್ತೂವರೆ ಹೊತ್ತಿಗೆ ಕಪ್ಪು ಗಾಜು, ಬದಲಿ ಗಾಗಲ್ಸ್ ಕಯಾಕಿನವನ ಕತ್ತಿನಲ್ಲಿ.

ಎಂಟೂವರೆಗೆ ಶುರು. ಗಂಟೆಗೆ ಮೂರು ಕಿಲೋಮೀಟರ್ ವೇಗಕ್ಕೆ ಒಂದು ಸುತ್ತು ಸರಿಯಾಗಿ ಅರ್ಧ ಗಂಟೆ, ಪ್ರತಿ ಸುತ್ತಿನ ಕೊನೆಗೆ ಊಟ. ಐದಾರು ಮೀಟರ್ ದಾರ ಕಟ್ಟಿದ ಬಾಟಲಿಯನ್ನು ಕಯಾಕಿನಿಂದ ಎಸೆಯಬೇಕು, ಈಜುಗಾರ ಅಂಗಾತ ಮಲಗಿ ಕುಡಿದು ಬಾಟಲಿ ಬಿಟ್ಟುಬಿಡಬೇಕು. ದೋಣಿ ಮುಟ್ಟುವಂತಿಲ್ಲ. ನಿಜವಾದ ಈಜಿನಲ್ಲಿ ಮುಟ್ಟಿದರೆ ಅಲ್ಲಿಗೆ ಮುಗಿಯಿತು, ಅಭ್ಯಾಸದಲ್ಲೂ ಕೈಗೆ ಆ ಚಟ ಹತ್ತಬಾರದು. ಸಮುದ್ರದಲ್ಲಿ ನಿಂತಷ್ಟು ಹೊತ್ತೂ ಸೆಳೆತ ಹಿಂದಕ್ಕೊಯ್ಯುತ್ತದೆ, ಅದರಿಂದ ಅಲ್ಲಿಯವರು ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಹಿನ್ನೀರಿನಲ್ಲಿ ಆ ಹೆದರಿಕೆ ಇಲ್ಲ, ನಿಂತು ಹರಟೆ ಶುರುವಾಗುತ್ತದೆ. ಎರಡು ನಿಮಿಷದ ನಿಲುಗಡೆ ಹನ್ನೊಂದು ಸಲ ಆದರೆ ಇಪ್ಪತ್ತೆರಡು ನಿಮಿಷ ಸ್ನಾಯು ಸುಮ್ಮನಿದ್ದು ಮೈ ಆರುತ್ತದೆ. ಸ್ಟಾಪ್‌ವಾಚ್ ಹಿಡಿದವನು ಇಲ್ಲಿ ನಿಷ್ಠುರನಾಗಿರಬೇಕು.

ದೋಣಿಯ ಪಟ್ಟಿಯಲ್ಲಿ ಅರ್ಧ ಗಂಟೆಗೊಮ್ಮೆ ಬರೆಯುವುದು ಇಷ್ಟು: ಸಮಯ, ನಿಮಿಷಕ್ಕೆ ಎಷ್ಟು ಸ್ಟ್ರೋಕ್, ನೀರಿನ ಮತ್ತು ಗಾಳಿಯ ಉಷ್ಣಾಂಶ, ಎಷ್ಟು ಕುಡಿದ, ಮೂತ್ರ ಆಯಿತೇ, ಮಾತು ಹೇಗಿತ್ತು. ಸ್ಟ್ರೋಕಿನ ಎಣಿಕೆ ಸುಳ್ಳು ಹೇಳುವುದಿಲ್ಲ. 64ರಲ್ಲಿ ಶುರು ಮಾಡಿದವನು ನಾಲ್ಕನೆಯ ಗಂಟೆಯಲ್ಲಿ 61 ಇದ್ದರೆ ಸಹಜ. ಒಂದೇ ಸುತ್ತಿನಲ್ಲಿ 61ರಿಂದ 55ಕ್ಕೆ ಇಳಿದರೆ ಇಂಧನ ಮುಗಿದಿದೆ ಅಥವಾ ಮೈ ತಣ್ಣಗಾಗಿದೆ. ಯಾವುದು ಎಂದು ತಿಳಿಯಲು ಬೆಚ್ಚಗಿನ ಪಾನೀಯ ಕೊಟ್ಟು ಹತ್ತು ನಿಮಿಷ ಕಾಯಬೇಕು. ಇಂಧನದ್ದಾದರೆ ಎಣಿಕೆ ಮತ್ತೆ ಏರುತ್ತದೆ. ಚಳಿಯದ್ದಾದರೆ ಇಳಿಯುತ್ತಲೇ ಹೋಗುತ್ತದೆ, ಜೊತೆಗೆ ಬೆರಳುಗಳು ಕೂಡಿಕೊಳ್ಳದೆ ಪಂಜದಂತೆ ಅಗಲಗೊಂಡು ನಿಲ್ಲುತ್ತವೆ, ಹೋಗುವ ದಿಕ್ಕು ಓಲಾಡುತ್ತದೆ. ಹದಿನೇಳು ಎಂಟಲೆ ಎಷ್ಟು ಎಂಬಂಥ ಪ್ರಶ್ನೆ ಕೇಳಿ. ತಪ್ಪು ಉತ್ತರಕ್ಕೆ ಹೆದರಬೇಕಾಗಿಲ್ಲ, ಗಣಿತ ಬಾರದವರೂ ಇರುತ್ತಾರೆ. ಪ್ರಶ್ನೆಯೇ ಅರ್ಥವಾಗದೆ ನಕ್ಕರೆ, ಮಾತು ತೊದಲಿದರೆ ಮೇಲೆತ್ತಬೇಕು. ಈ ಮಾತನ್ನು ದಡದಲ್ಲೇ ಖಡಾಖಂಡಿತವಾಗಿ ಆಡಿಕೊಂಡಿರಬೇಕು: ನಿಲ್ಲಿಸುವ ಅಧಿಕಾರ ದೋಣಿಯವನದ್ದು, ನೀರಿನಲ್ಲಿದ್ದವನು ಎಷ್ಟು ಗೋಗರೆದರೂ ಅದು ಬದಲಾಗುವುದಿಲ್ಲ. 22 ಡಿಗ್ರಿ ಅಷ್ಟೇನು ತಣ್ಣಗಲ್ಲ ಎನಿಸಬಹುದು. ಮೈಯಲ್ಲಿ ಕೊಬ್ಬು ಕಡಿಮೆ ಇರುವವರು ಐದಾರು ಗಂಟೆಯಲ್ಲಿ ತಣ್ಣಗಾಗಲು ಅಷ್ಟೇ ಸಾಕು.

ದೋಣಿಯ ಕಣ್ಣು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚಳಿಯ ನೀರೇ ಬೇಕಿಲ್ಲ. 2010ರ ಅಕ್ಟೋಬರಿನಲ್ಲಿ ಯುಎಇಯ ಫುಜೈರಾದಲ್ಲಿ ನಡೆದ 10 ಕಿಲೋಮೀಟರ್ ವಿಶ್ವಕಪ್ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪನ್ ಸತ್ತರು. ನೀರು ಬಿಸಿಯಾಗಿತ್ತು. ಅವರು ಬಂದಿಲ್ಲ ಎಂಬುದು ಉಳಿದವರು ದಡ ಸೇರಿದ ಮೇಲೆ ಗೊತ್ತಾಯಿತು. ಈಗ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ನೀರು 16ರಿಂದ 31 ಡಿಗ್ರಿಯೊಳಗಿರಬೇಕು ಎಂಬ ನಿಯಮವಿದೆ. ಹತ್ತು ಜನರಿಗೆ ಒಂದು ದೋಣಿ ಸಾಕು ಎನ್ನುವ ಆಯೋಜಕರು ಸಿಕ್ಕಿದರೆ ಅಲ್ಲಿಂದ ವಾಪಸ್ ಬರುವುದು ಒಳ್ಳೆಯದು.

ಹನ್ನೊಂದರ ನಂತರ ಗಾಳಿ ಎದ್ದು ಒಂದು ಬದಿಯಲ್ಲಿ ಪುಟ್ಟ ಅಲೆಗಳು ಶುರುವಾದವು. ಒಂದೇ ಬದಿಗೆ ಉಸಿರಾಡುವವರು ಇಲ್ಲಿ ನೀರು ಕುಡಿಯುತ್ತಾರೆ. ಎರಡೂ ಬದಿ ರೂಢಿಯಿದ್ದವರು ಅಲೆಗೆ ಬೆನ್ನು ಕೊಟ್ಟ ಬದಿಗೆ ಬದಲಿಸುತ್ತಾರೆ, ಕಯಾಕ್ ಕೂಡ ಆ ಬದಿಗೆ ಬರುತ್ತದೆ. ನಾಲ್ಕನೆಯ ಗಂಟೆ ಭುಜದ್ದು. ನೋವು ಭುಜದ ಮುಂಭಾಗದಲ್ಲಿದ್ದರೆ ಕೈ ನಡುಗೆರೆ ದಾಟಿ ಬೀಳುತ್ತಿದೆ ಎಂದರ್ಥ, ಅಗಲಕ್ಕೆ ಹಾಕಿಸಬೇಕು. ಐಬುಪ್ರೊಫೆನ್ ಕೇಳುತ್ತಾರೆ, ಕೊಡಬಾರದು. ನೀರು ಕಡಿಮೆಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ. ಎರಡು ಗಂಟೆ ಕಳೆದರೂ ಮೂತ್ರ ಆಗಿಲ್ಲ ಎಂದರೆ ಪಾನೀಯ ತೆಳ್ಳಗೆ ಮಾಡಿ ಪ್ರಮಾಣ ಹೆಚ್ಚಿಸಬೇಕು. ಈಜುತ್ತಲೇ ಮಾಡಲು ಬಾರದವರೂ ಇದ್ದಾರೆ, ಅದೂ ಕಲಿಯಬೇಕಾದ ವಿದ್ಯೆ. ಕೆಮ್ಮು, ಏದುಸಿರು, ಗುಲಾಬಿ ಬಣ್ಣದ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಅಲ್ಲಿ ಚರ್ಚೆಯಿಲ್ಲ, ಮೇಲೆತ್ತಿ ಕೂರಿಸಿಕೊಂಡು ಆಸ್ಪತ್ರೆಗೆ.

ಎರಡೂವರೆಗೆ ಕೊನೆಯ ಸುತ್ತು ಮುಗಿಯಿತು. ನಿಜವಾದ ಕೆಲಸ ಆಮೇಲಿನ ಅರ್ಧ ಗಂಟೆಯದು. ನೀರಿನಿಂದ ಎದ್ದ ಮೇಲೂ ಹತ್ತಿಪ್ಪತ್ತು ನಿಮಿಷ ಮೈಯೊಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ನಗುತ್ತಾ ಬಂದವನು ಕಾರಿನ ಹತ್ತಿರ ಕುಸಿಯುವುದು ಇದರಿಂದಲೇ. ಒದ್ದೆ ಉಡುಪು ತೆಗೆದು ಮೊದಲು ಎದೆ, ತಲೆ ಮುಚ್ಚಿ, ಆಮೇಲೆ ಕಾಲು. ಕೈಕಾಲು ಉಜ್ಜಬೇಡಿ, ಬಿಸಿನೀರಿನ ಸ್ನಾನ ಬೇಡ. ಎರಡರಿಂದಲೂ ಚರ್ಮದ ತಣ್ಣನೆಯ ರಕ್ತ ಒಮ್ಮೆಲೇ ಒಳಗೆ ನುಗ್ಗುತ್ತದೆ. ಬೆಲ್ಲದ ಕಾಫಿ ಉಗುರುಬೆಚ್ಚಗೆ, ಒಂದೆರಡು ಬಾಳೆಹಣ್ಣು, ಗಾಳಿಗೆ ಮರೆ. ಚಳಿಗೆ ಒಂದು ಪೆಗ್ ಎಂದು ಪ್ರೀತಿಯಿಂದ ಬಾಟಲಿ ತೆಗೆಯುವ ಊರು ಇದು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಇರುವ ಶಾಖವನ್ನೂ ಹೊರಗೆ ಬಿಡುತ್ತದೆ. ನಡುಕ ಪೂರ್ತಿ ನಿಂತು ಊಟವಾದ ಮೇಲೆ ಅವರವರ ಇಷ್ಟ. ಪಂದಿ ಕರಿಗೂ ಆಗ ಅನುಮತಿ.

ಭಾನುವಾರ, ಚಿಕ್ಲಿಹೊಳೆ

ಈ ದಿನ ಈಜಿಲ್ಲ. ಚಿಕ್ಲಿಹೊಳೆ ಜಲಾಶಯಕ್ಕೆ ಹೋಗಿದ್ದು ನೀರಿಗಿಳಿಯಲಲ್ಲ, ಇಳಿಯಬಾರದ ನೀರು ಹೇಗಿರುತ್ತದೆ ಎಂದು ತೋರಿಸಲು. ಇಲ್ಲಿ ಹೆಚ್ಚುವರಿ ನೀರು ಹೋಗಲು ಗೇಟಿಲ್ಲ. ದುಂಡಾಗಿ ಬಾಗಿದ ಕಾಂಕ್ರೀಟ್ ಅಂಚು ಇದೆ, ತುಂಬಿದಾಗ ನೀರು ಅದನ್ನು ದಾಟಿ ಕೆಳಕ್ಕೆ ಬೀಳುತ್ತದೆ. ಮಳೆಗಾಲದ ಫೋಟೋಗಳಿಂದ ಪ್ರಸಿದ್ಧವಾದದ್ದು ಇದೇ. ಅಂಚಿನ ಮೇಲಿನ ನೀರಿನ ಪದರ ತೆಳ್ಳಗೆ, ನಯವಾಗಿ ಕಾಣುತ್ತದೆ. ದೂರದಿಂದ ಸೆಳೆತದ ಸುಳಿವೂ ಸಿಗುವುದಿಲ್ಲ, ಹತ್ತಿರ ಹೋದವನಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಹಾರಂಗಿಯ ನಾಲೆಯ ಬಾಯಿಂದ ದೂರ ಇರಬೇಕು ಎಂದದ್ದೂ ಇದೇ ಕಾರಣಕ್ಕೆ.

ದುಬಾರೆಯ ಕಾವೇರಿಯಲ್ಲಿ ಹತ್ತು ಕಿಲೋಮೀಟರ್ ಇಳಿಮುಖವಾಗಿ ಈಜಬಹುದಲ್ಲ ಎಂಬ ಆಸೆ ಕೆಲವರಿಗಿದೆ. ಬಂಡೆಗಳ ನಡುವೆ ಪಾದ ಸಿಕ್ಕಿಕೊಂಡರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ, ಸೊಂಟದಷ್ಟು ಆಳವೇ ಸಾಕು. ರಾಫ್ಟಿಂಗಿನವರು ಹೆಲ್ಮೆಟ್ಟು, ಜಾಕೆಟ್ಟು ಹಾಕಿಕೊಂಡು ಹೋಗುವ ಹೊಳೆಯಲ್ಲಿ ಚಡ್ಡಿ ಗಾಗಲ್ಸಿನಲ್ಲಿ ಹೋಗುವುದು ದೂರದ ಈಜಿನ ಲೆಕ್ಕಕ್ಕೆ ಸೇರಿದ್ದಲ್ಲ.

ತೋಟದ ಕೆರೆ ಸಿಕ್ಕರೆ ತಂತ್ರದ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಮಾಲೀಕರ ಒಪ್ಪಿಗೆ ಇರಬೇಕು, ಪಂಪು ಬಂದ್ ಆಗಿರಬೇಕು. ಫೆಬ್ರುವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲಕ್ಕೆ ಮಾತ್ರ ಬೇಡವೇ ಬೇಡ, ಪಂಪು ನೀರು ಹೀರುವ ಬಾಯಿಯಾದ ಫುಟ್‌ವಾಲ್ವಿನ ಹತ್ತಿರ ಹೋದರೆ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಎಂಥ ಈಜುಗಾರನೂ ಇಳಿಯಬಾರದು, ಪಾಚಿ ಹಿಡಿದ ಹಾಳೆಯ ಮೇಲೆ ಕೈಯೂರಿ ಹತ್ತಲು ಆಗುವುದಿಲ್ಲ.

ಹೊರಡುವ ಮುಂಚೆ ಬಾಯ್, ಹಗ್ಗ, ಗೋಣಿಚೀಲ ಎಲ್ಲವನ್ನೂ ಎಣಿಸಿ ಎತ್ತಬೇಕು. ಬಿಟ್ಟುಹೋದ ಹಗ್ಗ ಮುಂದಿನ ವಾರ ತೆಪ್ಪದವರ ಬಲೆಗೆ ಸುತ್ತಿಕೊಳ್ಳುತ್ತದೆ. ಕೆಸರಿನಲ್ಲಿ ಕಾಲಿಗಾದ ಗೀರುಗಳನ್ನು ಸೋಪು ಹಾಕಿ ತೊಳೆದು ಮುಲಾಮು ಹಚ್ಚಿ. ಮುಂದಿನ ನಾಲ್ಕು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಈಜಿನ ಮೈಕೈ ನೋವೆಂದು ಮಲಗಿಬಿಡಬೇಡಿ. ಹಿನ್ನೀರಿನಲ್ಲಿ ಈಜಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿದರೆ ಅವರು ಇಲಿ ಜ್ವರಕ್ಕೆ ರಕ್ತ ಪರೀಕ್ಷೆ ಬರೆಯುತ್ತಾರೆ.